ಅಕ್ಕಿಯಲ್ಲಿ ಬರೆದ ಹೆಸರು

ಕಳೆದ ತಿಂಗಳು ನಮ್ಮ ಶಾಲೆಯ ಅತಿಥಿ ಶಿಕ್ಷಕಿಯೊಬ್ಬಳ ಹೆಸರು ಕಾಯಂ ನೌಕರಿಯ ಪಟ್ಟಿಯಲ್ಲಿ ಬಂತು. ದಾಖಲೆ ತೋರಿಸಲು ಬೆಳಗಾವಿಗೆ ಹೋಗಬೇಕಿತ್ತು. "ನೀವೂ ಬರ್ರಿ ಮೇಡಂ, ಒಬ್ಬಾಕಿಗಿ ಅಂಜಿಕಿ ಬರ್ತೈತಿ" ಅಂದಳು. ಹೋದೆ. ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯವನು ಅವಳ ಅಂಕಪಟ್ಟಿಯ ಪ್ರತಿಗಳನ್ನು ನನ್ನ ಕೈಗೆ ಕೊಟ್ಟ. ಕಾಗದ ಇನ್ನೂ ಬಿಸಿಯಾಗಿತ್ತು. ಆ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆ ಪ್ರತಿಗಳನ್ನು ಸೆರಗಿನೊಳಗೆ ಎದೆಗೆ ಒತ್ತಿ ಹಿಡಿದು ಬೆವರತೊಡಗಿದೆ. "ದಾಖಲಿ ನನ್ನವು, ಬೆವರು ನಿಮಗ್ಯಾಕ ಮೇಡಂ?" ಎಂದು ಹುಡುಗಿ ನಕ್ಕಳು. ನಾನೂ ನಕ್ಕೆ. ಅವಳಿಗೆ ಹೇಳುವಷ್ಟು ಹೊತ್ತು ಆಗ ಇರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅದು ಎರಡು ಸಾವಿರನೇ ಇಸವಿಯ ಮಳೆಗಾಲ. ನನಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ತವರು ದೇಸೂರ, ಗಂಡನ ಮನೆ ಖಾನಾಪುರ. ನಮ್ಮವರು ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದರು. ಮಾವ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಓಣಿಯ ಯಾರದೇ ಅರ್ಜಿ ಇರಲಿ, ಅದು ನಮ್ಮ ಮನೆಯ ಪಡಸಾಲೆಗೆ ಬಂದೇ ಮುಂದೆ ಹೋಗಬೇಕು. ಅತ್ತೆ ಮಾತು ಕಡಿಮೆಯ ಹೆಂಗಸು. ಮಾವ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ವರ್ಷವಿಡೀ ಅವರ ಬಾಯಿಂದ ನಾನು ಕೇಳಿದ್ದು ಉಪ್ಪು, ಖಾರ, ರೊಟ್ಟಿಯ ಮಾತುಗಳಷ್ಟೇ.

ನಮ್ಮ ಕಡೆ ಮದುವೆಯಲ್ಲಿ ಒಂದು ಪದ್ಧತಿ ಇದೆ. ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ಹಿತ್ತಾಳೆಯ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಮದುಮಗ ಬಂಗಾರದ ಉಂಗುರದಿಂದ ಆ ಅಕ್ಕಿಯಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಹಿರಿಯರು ಅದನ್ನು ಗಟ್ಟಿಯಾಗಿ ಓದಿ ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತಾರೆ. ಅಲ್ಲಿಗೆ ಹಳೆಯ ಹೆಸರು ಮುಗಿಯಿತು. ನನ್ನ ಹಳೆಯ ಹೆಸರು ಬಾಳವ್ವ. ನನಗಿಂತ ಮೊದಲು ಹುಟ್ಟಿದ ಎರಡು ಕೂಸು ಉಳಿಯಲಿಲ್ಲವೆಂದು, ಇದಾದರೂ ಬಾಳಲಿ ಎಂದು ನಮ್ಮವ್ವ ಇಟ್ಟದ್ದು. ಮಾವನಿಗೆ ಅದು ಹಳೇ ಕಾಲದ್ದೆನ್ನಿಸಿತು. ಅವರು ಆರಿಸಿಕೊಟ್ಟ ಹೆಸರನ್ನು ನಮ್ಮವರು ಬರೆದರು, ರೂಪಾ ಎಂದು. ಆ ಅಕ್ಕಿಯನ್ನು ಮರುದಿನ ಪಾಯಸಕ್ಕೆ ಹಾಕುವುದು ಆ ಮನೆಯ ರೂಢಿ. ನನ್ನ ಹೆಸರು ಬದಲಾದದ್ದಕ್ಕಿದ್ದ ಏಕೈಕ ದಾಖಲೆಯನ್ನು ಹೀಗೆ ನಾವೆಲ್ಲ ಕೂಡಿ ಉಂಡು ತೇಗಿದೆವು.

ದೇಸೂರಿನ ನಮ್ಮ ಓಣಿಯಲ್ಲಿ ಶಿಕ್ಷಕರ ತರಬೇತಿ ಮುಗಿಸಿದ ಮೊದಲ ಹುಡುಗಿ ನಾನು. ಮದುವೆಯಾದ ಕೆಲವೇ ತಿಂಗಳಿಗೆ ಪ್ರಾಥಮಿಕ ಶಾಲೆಯ ನೌಕರಿಗೆ ಅರ್ಜಿ ಕರೆದರು. ಮಾವ ಕನ್ನಡಕ ಏರಿಸಿ, ಹೊಸ ಪೆನ್ನು ಹಿಡಿದು, ತಾವೇ ತುಂಬಿದರು. ಅಂಕಪಟ್ಟಿಯನ್ನು ಅರ್ಜಿಯ ಜೊತೆ ಕಳಿಸುವುದಿರಲಿಲ್ಲ, ಅಂಕಗಳನ್ನಷ್ಟೇ ಬರೆಯಬೇಕಿತ್ತು. ಹೆಸರಿನ ಜಾಗದಲ್ಲಿ ಅವರು ರೂಪಾ ಎಂದು ಬರೆದು, ಪಕ್ಕದಲ್ಲಿ ಮಗನ ಹೆಸರು ಸೇರಿಸಿದರು. ಬಾಗಿಲ ಸಂದಿಯಲ್ಲಿ ನಿಂತು ನೋಡಿದ ನಾನು "ಮಾಮಾ, ಮಾರ್ಕ್ಸ್ ಕಾರ್ಡಿನ್ಯಾಗ ಬ್ಯಾರೆ ಐತಲ್ರಿ" ಅಂದೆ. "ಅದು ನಿನ್ನ ಅಪ್ಪನ ಮನಿ ಹೆಸರು. ನೌಕರಿ ಬರೂದು ಈ ಮನಿಗಿ" ಅಂದರು. ಅಷ್ಟು ಓದಿದವಳು ಅಲ್ಲೇ ಪೆನ್ನು ಕಸಿದುಕೊಳ್ಳಬೇಕಿತ್ತು. ಹೊಸ ಸೊಸೆಯ ಭಯ, ಇಲ್ಲವೇ ಹೊಸ ಹೆಸರಿನ ಮೇಲಿನ ಒಂದಿಷ್ಟು ಆಸೆ. ಯಾವುದೋ ಒಂದು ನನ್ನ ಬಾಯಿಗೆ ಬೀಗ ಹಾಕಿತು.

ಪಟ್ಟಿಯಲ್ಲಿ ರೂಪಾ ಎಂಬ ಹೆಸರು ಬಂದಾಗ ಮಾವ ಓಣಿಗೆಲ್ಲ ಪೇಡೆ ಹಂಚಿದರು. ಒಂದು ಸೋಮವಾರ ಬೆಳಗಾವಿಯಲ್ಲಿ ದಾಖಲೆ ಪರಿಶೀಲನೆ. ಉದ್ದನೆಯ ಮೇಜಿನ ಹಿಂದೆ ದಪ್ಪ ಕನ್ನಡಕದ ಮಹಿಳಾ ಅಧಿಕಾರಿಯೊಬ್ಬರು ಕೂತಿದ್ದರು. ನನ್ನ ಸರದಿ ಬಂದಾಗ ಕಡತದ ಮೇಲೆ ಕಣ್ಣಾಡಿಸಿ, ಅಂಕಪಟ್ಟಿ ತಿರುವಿ ನೋಡಿದರು.

"ಈ ಬಾಳವ್ವ ಯಾರು?"

"ನಾನ ರೀ."

"ಮತ್ತ ರೂಪಾ?"

"ಆಕಿನೂ ನಾನ ರೀ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. ಅವರದೇನೂ ತಪ್ಪಿರಲಿಲ್ಲ. ಇನ್ನೊಬ್ಬರ ಅಂಕಪಟ್ಟಿ ತಂದು ನೌಕರಿ ಹಿಡಿಯಲು ನೋಡುವವರಿದ್ದರೆ ಅವರು ತಾನೆ ತಡೆಯಬೇಕಾದದ್ದು? "ಮಾರ್ಕ್ಸು ಒಬ್ಬಾಕಿದು, ನೌಕರಿ ಇನ್ನೊಬ್ಬಾಕಿಗಿ ಅಂದ್ರ ಅದಕ್ಕ ಏನಂತಾರ ಗೊತ್ತೈತೇನವಾ? ಇಬ್ಬರೂ ಒಬ್ಬಾಕೆ ಅನ್ನೂದಕ್ಕ ಏನೈತಿ ನಿನ್ನ ಕಡೆ?"

ಏನಿತ್ತು? ಲಗ್ನಪತ್ರಿಕೆಯಲ್ಲಿ ಬಾಳವ್ವ. ರೇಷನ್ ಕಾರ್ಡಿನಲ್ಲಿ, ಮತದಾರರ ಗುರುತಿನ ಚೀಟಿಯಲ್ಲಿ ರೂಪಾ. ನಡುವಿನ ಸೇತುವೆ ಅಕ್ಕಿಯಲ್ಲಿತ್ತು. ಶಿಕ್ಷಕರ ತರಬೇತಿ ಪರೀಕ್ಷೆಯ ಹಾಲ್‌ಟಿಕೆಟ್ ತೋರಿಸಿದೆ, ಅದರಲ್ಲಿ ಫೋಟೋ ಇತ್ತು. ಆದರೆ ಕಾಲೇಜಿನ ಸೀಲು ಸರಿಯಾಗಿ ನನ್ನ ಮೂಗು ಬಾಯಿಯ ಮೇಲೆ ಕೂತು, ಎರಡು ಜಡೆಗಳಷ್ಟೇ ಕಾಣುತ್ತಿದ್ದವು. ಎರಡು ಜಡೆ ಯಾರಿಗಿರುವುದಿಲ್ಲ?

ಅಧಿಕಾರಿ ಕಾಗದವೊಂದರ ಮೇಲೆ ಬರೆದುಕೊಟ್ಟರು. ನೋಟರಿಯ ಮುಂದೆ ಮಾಡಿದ ಅಫಿಡವಿಟ್. ಎರಡೂ ಹೆಸರಿನವಳು ಒಬ್ಬಳೇ ಎಂದು ತಹಶೀಲ್ದಾರರ ಪ್ರಮಾಣಪತ್ರ. ಅದಕ್ಕೆ ಆಧಾರವಾಗಿ ಊರಿನ ತಲಾಠಿ, ಅಂದರೆ ಗ್ರಾಮ ಲೆಕ್ಕಿಗರು ಮಾಡಿದ ಪಂಚನಾಮೆ. "ಶನಿವಾರ ಸಂಜಿ ಐದರ ಒಳಗ ತರಬೇಕು. ತರಲಿಲ್ಲಂದ್ರ ಮುಂದಿನ ಹೆಸರಿನಾಕಿನ ಕರೀತೇವಿ. ಇನ್ನೊಂದು ಮಾತು, ಆರ್ಡರು ಮಾರ್ಕ್ಸ್ ಕಾರ್ಡಿನ ಹೆಸರಿಲೆ ಬರ್ತೈತಿ. ರೂಪಾ ಅನ್ನೂದನ್ನ ಸರಕಾರದ ಕಾಗದದಾಗ ಮರತ ಬಿಡು."

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾವ ಕನ್ನಡಕ ತೆಗೆದಿಟ್ಟರು. ಆಮೇಲೆ "ಐದು ಮಂದಿ ಪಂಚರನ್ನ ಕುಂದರಿಸಿ, ನಮ್ಮ ಸೊಸಿ ಹೆಸರು ನಮ್ಮದಲ್ಲ ಅಂತ ಬರಸಿಕೊಡ್ಲೇನು? ಸಾಲ್ಯಾಗ ಬೋರ್ಡಿನ ಮ್ಯಾಲೆ ಬಾಳವ್ವ, ಪಗಾರ ಪಟ್ಟ್ಯಾಗ ಬಾಳವ್ವ. ಈ ಮನ್ಯಾಗ ಇಟ್ಟ ಹೆಸರು ಎಲ್ಲಿ ಹೋಗಬೇಕು?" ಎಂದರು. "ಮಾಮಾ, ಮನ್ಯಾಗ ರೂಪಾನ ಅನ್ರಿ" ಎಂದು ನಾನು ಅಂಗಲಾಚಿದೆ. "ಅಕ್ಕ್ಯಾಗ ಬರದದ್ದನ್ನ ಅಳಸೂದಿಲ್ಲ ನಮ್ಮಲ್ಲಿ" ಎಂದು ಎದ್ದುಹೋದರು. ನಮ್ಮವರ ಮುಖ ನೋಡಿದೆ. "ಅಪ್ಪ ಹೇಳೂದರಾಗೂ ಖರೇ ಐತಿ, ನಿನ್ನ ಮಾತಿನ್ಯಾಗೂ ಖರೇ ಐತಿ" ಎಂದು ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಸಿಟ್ಟು ನೆತ್ತಿಗೇರಿತು. ಉಂಗುರ ಹಿಡಿದು ಬರೆದ ಕೈ ಇವರದೇ ಅಲ್ಲವೇ?

ಮಂಗಳವಾರ ನಾನೊಬ್ಬಳೇ ಬೆಳಗಾವಿಗೆ ಹೋದೆ. ಕೋರ್ಟಿನ ಆವರಣದ ತಗಡಿನ ಚಪ್ಪರದ ಕೆಳಗೆ ಟೈಪಿಸ್ಟರು ಸಾಲಾಗಿ ಕೂತಿದ್ದರು. ತಗಡಿನ ಮೇಲೆ ಮಳೆಯ ಸದ್ದಿಗೆ ನನ್ನ ಹೆಸರನ್ನು ಕಿರುಚಿ ಹೇಳಬೇಕಾಯಿತು. ಬಾಳವ್ವ ಉರ್ಫ್ ರೂಪಾ ಎಂದು ಟೈಪಾಯಿತು. ಉರ್ಫ್ ಎಂದು ಅದುವರೆಗೆ ನಾನು ಕಂಡದ್ದು ಪೇಪರಿನಲ್ಲಿ, ಕಳ್ಳರ ಹೆಸರಿನ ನಡುವೆ ಮಾತ್ರ. ಸೈ ಮಾಡುವಾಗ ಮಳೆಯ ಹನಿ ಬಿದ್ದು ಒಂದು ಹಾಳೆ ಹಾಳಾಯಿತು, ಮತ್ತೆ ಟೈಪ್ ಮಾಡಿಸಿದೆ.

ಬುಧವಾರ ತಲಾಠಿಯನ್ನು ಹುಡುಕಿಕೊಂಡು ಹೋದರೆ ಕಚೇರಿಯ ಬಾಗಿಲಿಗೆ ಬೀಗ. ಮಳೆಗೆ ಗೋಡೆ ಬಿದ್ದ ಮನೆಗಳ ಪಂಚನಾಮೆಗೆಂದು ಅವರು ಹಳ್ಳಿಗಳ ಮೇಲೆ ಹೋಗಿದ್ದರು. ಮನೆ ಬಿದ್ದವರ ಮುಂದೆ ಹೆಸರು ಬಿದ್ದವಳ ಅಳು ಯಾವ ಲೆಕ್ಕ? ಬಾಗಿಲಲ್ಲೇ ಸಂಜೆಯ ತನಕ ಕೂತೆ. ಗುರುವಾರ ಮತ್ತೆ ಹೋಗಿ ಕೂತೆ. ಮಧ್ಯಾಹ್ನದ ಮೇಲೆ, ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ಅವರು ಬಂದರು. ಕಾಗದ ಓದಿ, "ನಾಳೆ ಮುಂಜಾನೆ ನಿಮ್ಮ ಮನಿಗೇ ಬರ್ತೀನವಾ. ಬ್ಯಾರೆ ಮನಿತನದ ಐದು ಮಂದಿ ಪಂಚರು ಬೇಕು. ಮನಿ ಹಿರೇರು ಹೇಳಿಕಿ ಕೊಡಬೇಕು. ಹಿರೇರು ಹೇಳಲಾರದ ನಾ ಬರಿಯಾಕ ಬರೂದಿಲ್ಲ" ಅಂದರು. ಹಿರಿಯರೆಂದರೆ ನಮ್ಮ ಮನೆಯಲ್ಲಿ ಮಾವ.

ಅಂದು ಸಂಜೆ ನಮ್ಮ ಮದುವೆ ಮಾಡಿಸಿದ ಅಯ್ಯನವರ ಮನೆಗೆ ಹೋದೆ. ಮಂಟಪದಲ್ಲಿ ಬಾಳವ್ವ, ಅಕ್ಕಿಯ ತಟ್ಟೆಯ ಮುಂದೆ ರೂಪಾ, ಎರಡೂ ಹೆಸರು ಅವರ ಬಾಯಿಂದಲೇ ಹೊರಟಿದ್ದವು. ಅವರು ಬರಲು ಒಪ್ಪಿದರು. ಆಜುಬಾಜಿನ ನಾಲ್ಕು ಮನೆಯವರೂ ಹೂಂ ಅಂದರು. ಆದರೆ ಐವರೂ ಸೇರಿಸಿದ ಬಾಲ ಒಂದೇ: "ನಿಮ್ಮ ಮಾವ ಮೊದಲು ಹೇಳ್ಲಿ, ಹಿಂದ ನಾವು ಸೈ ಮಾಡ್ತೇವಿ." ಅಡುಗೆಮನೆಯಲ್ಲಿ ಕೂತು ಕಣ್ಣೀರು ಸುರಿಸಿದೆ. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯವರು ಒಂದು ಸಲವೂ ಈ ಕಡೆ ತಿರುಗಲಿಲ್ಲ. ಕಲ್ಲಿನಂಥ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಶುಕ್ರವಾರ ಒಂಬತ್ತಕ್ಕೆ ತಲಾಠಿ ಬಂದರು. ಪಡಸಾಲೆಯ ಜಮಖಾನೆಯ ಮೇಲೆ ಪಂಚರು ಕೂತರು. ಚಹಾ ಕೊಟ್ಟು ನಾನು ಒಳಬಾಗಿಲಲ್ಲಿ ನಿಂತೆ. ಅತ್ತೆ ನನ್ನ ಹಿಂದೆ ನಿಂತಿದ್ದರು. ತಲಾಠಿ ಹಾಳೆ ತೆಗೆದು, "ಹೇಳ್ರಿ ಯಜಮಾನ್ರ. ನಿಮ್ಮ ಸೊಸಿ ಮೊದಲಿನ ಹೆಸರೇನು?" ಎಂದು ಕೇಳಿದರು.

"ರೂಪಾ" ಅಂದರು ಮಾವ.

"ಅದು ಈಗಿಂದಲ್ರಿ. ಲಗ್ನಕ್ಕಿಂತ ಮೊದಲು?"

"ಲಗ್ನಕ್ಕಿಂತ ಮೊದಲಿಂದು ನನಗೇನು ಸಂಬಂಧ? ಈ ಮನಿಗಿ ಬಂದ ಹೆಣ್ಣಮಗಳ ಹೆಸರು ರೂಪಾ. ಅಷ್ಟ ನನಗ ಗೊತ್ತು."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯನವರು ಚಹಾದ ಬಟ್ಟಲು ಕೈಗೆತ್ತಿಕೊಂಡರು. ತಲಾಠಿ ಪೆನ್ನಿನ ಟೊಪ್ಪಿಗೆ ಹಾಕಿದರು. ಆ ಟೊಪ್ಪಿಗೆ ಕೂತ ಸಣ್ಣ ಸದ್ದು ನನಗೆ ಈಗಲೂ ಕೇಳುತ್ತದೆ. ಮೂರು ವರ್ಷ ಚಿಮಣಿ ಬೆಳಕಲ್ಲಿ ಓದಿದ್ದು, ಬಸ್ಸಿನಲ್ಲಿ ನಿಂತು ಹೋಗಿ ಕಲಿತದ್ದು, ಎಲ್ಲ ಅಲ್ಲಿಗೆ ಮುಗಿಯಿತು ಅನ್ನಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಗ ನನ್ನ ಭುಜವನ್ನು ಯಾರೋ ಬದಿಗೆ ಸರಿಸಿದರು. ಅತ್ತೆ ಸೆರಗು ತಲೆಯ ಮೇಲೆ ಹೊದ್ದು, ಗಂಡಸರು ಕೂತ ಪಡಸಾಲೆಗೆ ಕಾಲಿಟ್ಟರು. ಆ ವರ್ಷದಲ್ಲಿ ಅವರು ಹಾಗೆ ಬಂದದ್ದನ್ನು ನಾನು ನೋಡಿರಲಿಲ್ಲ.

"ನಾನೂ ಈ ಮನಿ ಹಿರೇಳ ಅದೀನ್ರಿ. ನಾ ಹೇಳ್ತೀನಿ, ಬರ್ಕೋರಿ."

ತಲಾಠಿ ತಬ್ಬಿಬ್ಬಾದರು. "ಆತ್ರಿ ತಾಯಿ. ನಿಮ್ಮ ಹೆಸರು ಹೇಳ್ರಿ."

"ದ್ಯಾಮವ್ವ."

ಮಾವ ತಟ್ಟನೆ ತಲೆಯೆತ್ತಿದರು. ನಮಗೆಲ್ಲ ಗೊತ್ತಿದ್ದದ್ದು ಸುಶೀಲಾಬಾಯಿ. "ಏನ ಹೇಳಾಕತ್ತೀ?" ಎಂದರು.

"ನನ್ನ ಹೆಸರು ಹೇಳಾಕತ್ತೀನಿ" ಅಂದರು ಅತ್ತೆ. ದನಿಯಲ್ಲಿ ಏರಿಳಿತವಿರಲಿಲ್ಲ, ಉಪ್ಪು ಖಾರದ ಮಾತಿನಂತೆಯೇ ಇತ್ತು. "ಲಗ್ನಾಗಿ ಆರು ತಿಂಗಳಾಗಿತ್ತು. ನಮ್ಮಪ್ಪಗ ಆರಾಮಿರಲಿಲ್ಲ. ನಮ್ಮಣ್ಣ ಕಾರ್ಡು ಹಾಕಿದ್ದ, ದ್ಯಾಮವ್ವಗ ಅಂತ. ಟಪಾಲಿನವ ಬಂದು ಇದ ಕಟ್ಟಿ ಮ್ಯಾಲೆ ನಿಂತು, ದ್ಯಾಮವ್ವ ಅನ್ನಾವರು ಅದಾರೇನ್ರಿ ಅಂತ ಕೇಳಿದ. ಆ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ಲ ಅಂತ ಇವರು ಹೇಳಿದ್ರು. ಕಾರ್ಡು ತಿರುಗಿ ಹೋತು. ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ. ನನಗ ಕೇಳಿಸ್ತು. ಆದ್ರ ಹೊರಗ ಬರಲಿಲ್ಲ, ಅಂಜಿದೆ. ಎಂಟು ದಿನಕ್ಕ ನಮ್ಮಪ್ಪ ಹೋದ. ಮಣ್ಣಿಗಿ ನಾ ಇರಲಿಲ್ಲ. ತಪ್ಪು ಇವರದಷ್ಟ ಅಲ್ರಿ, ನಂದೂ ಐತಿ. ಇವತ್ತ ಮತ್ತ ಒಳಗ ನಿಂದ್ರೂದು ನನ್ನ ಕೈಲೆ ಆಗೂದಿಲ್ಲ. ಬರ್ಕೋರಿ. ನನ್ನ ಸೊಸಿ ಹೆಸರು ಬಾಳವ್ವ. ನಮ್ಮ ಮನ್ಯಾಗ ರೂಪಾ ಅಂತ ಇಟ್ಟೇವಿ. ಇಬ್ಬರೂ ಒಬ್ಬಾಕೆ."

ತಲಾಠಿ ಮೆಲ್ಲಗೆ ಟೊಪ್ಪಿಗೆ ತೆಗೆದು ಬರೆಯತೊಡಗಿದರು. ಅರ್ಧಕ್ಕೆ ನಿಲ್ಲಿಸಿ, "ತಾಯಿ, ರೇಷನ್ ಕಾರ್ಡಿನ್ಯಾಗ ಸುಶೀಲಾಬಾಯಿ ಐತಿ. ನಿಮ್ಮ ಹೆಸರು ಅದನ್ನ ಹಾಕಬೇಕಾಗತೈತಿ" ಅಂದರು. ಅತ್ತೆ "ಅದನ್ನ ಹಾಕ್ರಿ" ಎಂದು, ಕಲಿತಿದ್ದ ಅಷ್ಟಿಷ್ಟು ಅಕ್ಷರದಲ್ಲಿ ಸುಶೀಲಾ ಎಂದು ಸೈ ಮಾಡಿದರು. ಪಂಚರು ಒಬ್ಬೊಬ್ಬರಾಗಿ ಸೈ ಹಾಕಿದರು. ಕೊನೆಗೆ ಮಾವ ಕೈ ಚಾಚಿ ಹಾಳೆ ಇಸಿದುಕೊಂಡರು. ಹರಿದುಬಿಡುತ್ತಾರೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಕೆಳಗೆ ಉಳಿದ ಜಾಗದಲ್ಲಿ, ಅರ್ಜಿಯನ್ನು ತುಂಬಿದವನು ನಾನು, ಅದರಲ್ಲಿನ ಹೆಸರಿನ ತಪ್ಪು ನನ್ನದು ಎಂದು ಅದೇ ಮುತ್ತಿನ ಅಕ್ಷರದಲ್ಲಿ ಬರೆದು ಸೈ ಮಾಡಿದರು. ಆಮೇಲೆ ಮಳೆಯಲ್ಲಿ ಕೊಡೆಯಿಲ್ಲದೆ ಹೊರಗೆ ಹೋದರು. ಅಂದಿನಿಂದ ಅವರು ಇರುವ ತನಕ ನನ್ನನ್ನು ರೂಪಾ ಅನ್ನಲಿಲ್ಲ, ಬಾಳವ್ವ ಎಂದೂ ಅನ್ನಲಿಲ್ಲ. "ಏ ಹುಡುಗಿ" ಎಂದೇ ಕರೆದರು. ನನಗೆ ಮೂವತ್ತೆಂಟಾದಾಗಲೂ ಅವರಿಗೆ ನಾನು ಹುಡುಗಿಯೇ.

ಶನಿವಾರ ಖಾನಾಪುರದ ತಹಶೀಲ್ದಾರರ ಸೈಗೆ ಕಾದು ಕಾದು ಮಧ್ಯಾಹ್ನ ಎರಡಾಯಿತು. ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸುವಾಗ ಕರೆಂಟು ಹೋಯಿತು. ಅದು ಬರುವ ತನಕ ನಾನು ಬಸ್ಸುಗಳನ್ನು ಎಣಿಸಿದೆ, ಎರಡು ಬಸ್ಸು ಕಣ್ಣೆದುರೇ ಹೋದವು. ಮೂರನೆಯದಕ್ಕೆ ಹತ್ತಿದೆ. ಪಕ್ಕದಲ್ಲಿ ಅತ್ತೆ. ಬರಬೇಡಿರೆಂದರೂ ಕೇಳಿರಲಿಲ್ಲ. ದೇಸೂರಿನ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಉದ್ದನೆಯ ಗೂಡ್ಸ್ ಗಾಡಿ, ಒಂದೊಂದೇ ಡಬ್ಬಿ ಎಳೆದುಕೊಂಡು ಹೋಗುತ್ತಿತ್ತು. ನಾನು ಝೆರಾಕ್ಸಿನ ವಾಸನೆ ಆರದ ಕಾಗದಗಳನ್ನು ಸೆರಗಿನೊಳಗೆ ಎದೆಗೆ ಒತ್ತಿ ಹಿಡಿದು, ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ. ಅದರಲ್ಲಿ ಅರ್ಧ ಇನ್ನೂ ತೀರಿಸಿಲ್ಲ.

ಕಚೇರಿ ಮುಟ್ಟಿದಾಗ ಐದಕ್ಕೆ ಇಪ್ಪತ್ತು ನಿಮಿಷ. ಅಧಿಕಾರಿ ಒಂದೊಂದೇ ಹಾಳೆ ಓದಿದರು. ಪಂಚನಾಮೆಯ ಕೊನೆಯ ಸಾಲನ್ನು ಎರಡು ಸಲ ಓದಿದರು. ನಂತರ ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿ ಥಟ್ಟನೆ ಕೇಳಿದರು, "ಈಕಿ ಹೆಸರೇನಮ್ಮಾ?"

ಮನೆಯಲ್ಲಿ ವರ್ಷವಿಡೀ ರೂಪಾ ಎಂದು ಕರೆದ ಬಾಯಿ ಅದು. ರೂಢಿಯಂತೆ ಅದೇ ಬಂದುಬಿಟ್ಟರೆ?

"ಬಾಳವ್ವ ರೀ" ಅಂದರು ಅತ್ತೆ. ಒಂದು ಕ್ಷಣವೂ ತಡೆಯಲಿಲ್ಲ.

ಅಧಿಕಾರಿ ಸೈ ಮಾಡಿ ಸೀಲು ಒತ್ತಿಸಿದರು. "ಹೋಗಿ ಬಾರವಾ ಬಾಳವ್ವ, ಛಲೋ ಕಲಸು ಹುಡುಗರಿಗಿ" ಎಂದರು. ಹೊರಗೆ ಬಂದು ಕಂಬಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಷ್ಟು ದಿನ ತಡೆದದ್ದೆಲ್ಲ ಒಮ್ಮೆಗೇ ಬಂತು. ಅತ್ತೆ ನನ್ನ ಕೈಯಿಂದ ಕಾಗದ ಇಸಿದುಕೊಂಡು, ಕಣ್ಣೀರು ಬಿದ್ದು ಹಾಳಾದೀತೆಂದು ಚೀಲದಲ್ಲಿಟ್ಟುಕೊಂಡರು.

ಬಸ್‌ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತ ಬಿಸಿ ಮಿರ್ಚಿ ಭಜಿ ತಿಂದೆವು. ಹೊಟ್ಟೆಗೆ ಬಿದ್ದೊಡನೆ ನನಗೆ ಧೈರ್ಯ ಬಂತು. "ಅತ್ತಿ, ನಿಮ್ಮ ಹೆಸರೂ ಬದಲಿ ಮಾಡಸೂಣ್ರಿ. ದಾರಿ ಎಲ್ಲಾ ಗೊತ್ತಾಗೇತಿ ನನಗ. ಒಂದು ಅಫಿಡವಿಟ್ಟು, ಐದು ಮಂದಿ ಪಂಚರು, ಅಷ್ಟ" ಅಂದೆ.

ಅವರು ಬೆರಳಿಗಂಟಿದ ಎಣ್ಣೆಯನ್ನು ಕಾಗದದ ತುಂಡಿಗೆ ಒರೆಸುತ್ತ ಸಣ್ಣಗೆ ನಕ್ಕರು. "ನಿನಗ ಐದು ಮಂದಿ ಸಿಕ್ರು. ನಾ ದ್ಯಾಮವ್ವ ಅನ್ನಾಕ ಸಾಕ್ಷಿ ಹೇಳವರು ತವರಾಗ ಈಗ ಒಬ್ಬರೂ ಉಳದಿಲ್ಲವಾ. ಅಪ್ಪ ಹೋದ, ಅವ್ವ ಹೋದ್ಲು, ಅಣ್ಣನೂ ಹೋದ."

"ನಾ ಅದೀನಲ್ರಿ" ಅಂದೆ.

"ನೀ ಕೇಳಿದ್ದಷ್ಟ" ಅಂದರು ಅತ್ತೆ. "ಆಕಿನ್ನ ನೀ ನೋಡಿಲ್ಲ."